ಕುಂಚಿಗೆ ಹೊಲಿದ ಅಕ್ಕ

“ನೋಡಿ ಮುಗೀತೇನ್ರಿ? ಮುಗಿದಿಲ್ಲಂದ್ರ ಒಳಗ ಬರ್ರಿ, ಹತ್ತಿರದಿಂದ ನೋಡ್ರಿ.”

ಭಾಗ್ಯನಗರದ ಆ ಓಣಿಗೆ ನಾನು ಬಾಡಿಗೆಗೆ ಬಂದ ವಾರದಲ್ಲೇ ಎದುರು ಮನೆಯ ಕಿಟಕಿಯಿಂದ ಬಂದ ಮಾತು ಇದು. ಕಿಟಕಿಯೊಳಗೆ ಹೊಲಿಗೆ ಯಂತ್ರದ ಮುಂದೆ ಒಬ್ಬ ಹೆಂಗಸು ಕೂತಿದ್ದರು. ಕೂದಲು, ಹುಬ್ಬು, ರೆಪ್ಪೆ ಎಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ ಬಿಳಿ. ಮುಖ, ಕೈ ಗುಲಾಬಿ ಛಾಯೆಯ ಬಿಳಿ. ಕಣ್ಣಗುಡ್ಡೆಗಳು ಒಂದೆಡೆ ನಿಲ್ಲದೆ ಅತ್ತಿಂದಿತ್ತ ಸಣ್ಣಗೆ ತುಯ್ಯುತ್ತಿದ್ದವು. ಕೊಪ್ಪಳದ ಕಾಲೇಜಿಗೆ ಪಾಠಕ್ಕೆ ಹೊರಟಿದ್ದ ನಾನು ಅವರನ್ನು ಕಂಡು ದಾರಿಯಲ್ಲೇ ನಿಂತುಬಿಟ್ಟಿದ್ದೆ. ಕರೆದ ಮೇಲೆ ಹೋಗದೆ ಇರುವುದು ಹೇಗೆ? ಒಳಗೆ ಹೋದೆ. ಚಹಾ ಕೊಟ್ಟರು. ಹೊರಡುವಾಗ ನನ್ನ ರವಿಕೆಯ ತೋಳನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಕಂಕುಳಲ್ಲಿ ಹಿಡಿಯುತ್ತಿದೆ, ಸಂಜೆ ತಂದುಕೊಡಿ ಎಂದರು. ಹಾಗೆ ಶುರುವಾದ ನಂಟು ಹೋದ ಯುಗಾದಿಯ ಮುಂಚೆ ಅವರು ತೀರಿಕೊಳ್ಳುವವರೆಗೂ ಇತ್ತು.

ಓಣಿಯವರು ಅವರನ್ನು ಬೆನ್ನ ಹಿಂದೆ ಕೆಂಚಿ ಅನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ನಾನು ಅಕ್ಕ ಎಂದು ಕರೆದೆ, ಇಲ್ಲೂ ಹಾಗೇ ಕರೆಯುತ್ತೇನೆ.

ನಮ್ಮ ಕಡೆ ಬಿಸಿಲು ಹೇಗೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಶಿವರಾತ್ರಿ ಕಳೆಯಿತೆಂದರೆ ಗುಡ್ಡದ ಬಂಡೆಗಳು ಕಾದು, ಸಂಜೆಯಾದರೂ ಝಳ ಬಿಡುವುದಿಲ್ಲ. ನಾನು ಗಂಗಾವತಿಯ ಕಾಲುವೆ ನೀರಿನ ಕಡೆಯವಳು. ನಮ್ಮಲ್ಲೂ ಹೆಂಗಸರು ನೆತ್ತಿ ಸುಡುವ ಹೊತ್ತಿನಲ್ಲಿ ಭತ್ತ ನಾಟಿ ಮಾಡುತ್ತಾರೆ, ಯಾರೂ ಅದನ್ನು ದೊಡ್ಡ ಸಂಗತಿ ಅಂದುಕೊಂಡಿರಲಿಲ್ಲ. ಬಿಸಿಲು ಅಂದರೆ ಸಹಿಸಿಕೊಳ್ಳುವುದು, ಅಷ್ಟೇ. ಬಿಸಿಲಿಗೆ ಎದುರಾಡಬಹುದು ಎಂದು ನಾನು ಮೊದಲು ಕಂಡದ್ದು ಅಕ್ಕನಲ್ಲಿ.

ಅವರ ದಿನವೇ ಬೇರೆ ಇತ್ತು. ಬೆಳಕು ಹರಿಯುವ ಮೊದಲೇ ಹಾಲು, ಕಾಯಿಪಲ್ಲೆ, ಹಿಟ್ಟಿನ ಗಿರಣಿ ಎಲ್ಲ ಮುಗಿಸಿಬಿಡುತ್ತಿದ್ದರು. ಬಿಸಿಲು ಮನೆ ಮೆಟ್ಟಿಲು ಹತ್ತುವಾಗ ಅವರು ಒಳಗಿರುತ್ತಿದ್ದರು. ಯಂತ್ರವನ್ನು ಉತ್ತರದ ಕಿಟಕಿಗೆ ಹಾಕಿದ್ದು ಬೆಳಕು ಬರಲಿ, ಬಿಸಿಲು ಬೇಡ ಎಂದು. ಹಗಲು ಹೊರಗೆ ಹೋಗಲೇಬೇಕಾದರೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಕಾಲಿಗೆ ಚೀಲ, ಕಪ್ಪು ಕನ್ನಡಕ, ಒಳಗೆ ಇನ್ನೊಂದು ಪದರ ಬಟ್ಟೆ ಹೊಲಿದ ಛತ್ರಿ. ಮುಖಕ್ಕೆ, ಕೈಗೆ ಆಸ್ಪತ್ರೆಯಲ್ಲಿ ಹೇಳಿದ ಮುಲಾಮು. ಈ ವೇಷದಲ್ಲಿ ಅವರು ಓಣಿಯಲ್ಲಿ ನಡೆದರೆ ಕಟ್ಟೆಯ ಮೇಲಿನ ಗಂಡಸರು ಮಾತು ನಿಲ್ಲಿಸುತ್ತಿದ್ದರು. ಅಕ್ಕ ನಡಿಗೆಯನ್ನು ಚುರುಕು ಮಾಡಿದ್ದನ್ನು ನಾನು ಕಾಣಲಿಲ್ಲ.

ಅವರ ಊರು ಕುಕನೂರಿನ ಕಡೆಯ ಒಂದು ಹಳ್ಳಿ. ಮನೆಯವರೆಲ್ಲ ಹೊಲಕ್ಕೆ ಹೋಗುವವರು, ಇವರೂ ಹೋದರು. ಶೇಂಗಾ ಹೊಲದಲ್ಲಿ ಕಳೆ ತೆಗೆದು ಬಂದ ಸಂಜೆ ಹೆಗಲು, ಮುಂಗೈ, ಕಿವಿಯ ಮೇಲೆಲ್ಲ ಬೊಬ್ಬೆ ಏಳುತ್ತಿದ್ದವು. ಅವ್ವ ಎಣ್ಣೆ ಹಚ್ಚಿ ಮಲಗಿಸುತ್ತಿದ್ದಳು. ಬೊಬ್ಬೆ ಒಡೆದು ಒಣಗಿದ ಮೇಲೆ ಮತ್ತೆ ಹೊಲ. ಅವ್ವ ಬಸುರಿಯಿದ್ದಾಗ ಗ್ರಹಣ ನೋಡಿದ್ದಕ್ಕೆ ಹೀಗಾಯಿತೆಂದು ಕೆಲವರು, ಯಾರದೋ ಶಾಪವೆಂದು ಕೆಲವರು. ಕಂಡ ಗುಡಿಗೆಲ್ಲ ಹರಕೆ ಹೊತ್ತರು. ಹರೆಯಕ್ಕೆ ಬಂದ ಮೇಲೆ ಒಂದು ಸಲ ಗಾಯ ಕೀವಾಗಿ ಕೊಪ್ಪಳದ ಆಸ್ಪತ್ರೆಗೆ ತಂದಾಗ ಚರ್ಮದ ವೈದ್ಯೆಯೊಬ್ಬರು ಕೂರಿಸಿಕೊಂಡು ತಿಳಿಸಿ ಹೇಳಿದರಂತೆ. ಮೈಗೆ ಬಣ್ಣ ಕೊಡುವ ವಸ್ತು ನಿನ್ನಲ್ಲಿ ಹುಟ್ಟಿನಿಂದ ಇಲ್ಲ, ಅಷ್ಟೇ. ಇದು ಶಾಪವಲ್ಲ, ಅಂಟುವ ರೋಗವೂ ಅಲ್ಲ. ಆದರೆ ಬಿಸಿಲು ನಿನಗೆ ವೈರಿ, ಅದರಿಂದ ಮೈ ಕಾಯ್ದುಕೊಳ್ಳದಿದ್ದರೆ ಮುಂದೆ ಹುಣ್ಣಾಗಿ, ಹುಣ್ಣು ಕ್ಯಾನ್ಸರ್ ಆಗುತ್ತದೆ ಎಂದು.

ಇದನ್ನು ಹೇಳುವಾಗ ಅಕ್ಕ ಯಂತ್ರ ನಿಲ್ಲಿಸಿದ್ದರು.

“ಹೊರಗ ಬಂದು ಮೆಟ್ಟಲದ ಮ್ಯಾಲ ಕುಂತು ಅತ್ತೆ. ಸಂಕಟಕ್ಕಲ್ರಿ, ಸಿಟ್ಟಿಗೆ. ಇಷ್ಟು ವರ್ಷ ನನ್ನ ತಲಿ ಮ್ಯಾಲ ಹರಕಿ ಹೊರಿಸಿದ್ರು, ಒಬ್ಬರರೆ ಒಂದು ಛತ್ರಿ ಹಿಡೀಲಿಲ್ಲ.”

ಅದೇ ದಿನ ಬಸ್ ನಿಲ್ದಾಣದ ಹತ್ತಿರ ಛತ್ರಿ ಕೊಂಡರು. ಅದಾದ ಮೇಲೆ ಹೊಲಕ್ಕೆ ಕಾಲಿಡಲಿಲ್ಲ. ಮನೆಯಲ್ಲಿ ಜಗಳವಾಯಿತು. ಸೋದರತ್ತೆಯ ಮನೆಯಲ್ಲಿದ್ದು ಹೊಲಿಗೆ ಕಲಿತರು, ಭಾಗ್ಯನಗರದಲ್ಲಿ ಒಂದು ಖೋಲಿ ಹಿಡಿದರು, ಯಾರ ಹಂಗಿಗೂ ಬೀಳದೆ ಬದುಕಿದರು. ಕಣ್ಣಿನ ದೃಷ್ಟಿ ಮಂದ. ಸೂಜಿಗೆ ದಾರ ಪೋಣಿಸಲು ಬಂದುಹೋಗುವವರನ್ನೆಲ್ಲ ಕರೆಯುತ್ತಿದ್ದರು. ಆದರೆ ಅವರ ಹೊಲಿಗೆ ಬಿಚ್ಚಿಕೊಂಡಿತು ಎಂದು ಯಾರೂ ದೂರಿದ್ದಿಲ್ಲ.

ಅವರ ನಾಲಿಗೆಗೆ ಹೆದರುವವರು ಹೆದರುತ್ತಿದ್ದರು. ಮದುವೆಗೆ ಬಂದ ಮಗಳನ್ನು ಕರೆದುಕೊಂಡು ಒಬ್ಬ ತಾಯಿ ಬಂದಿದ್ದಳು. ರವಿಕೆಯ ಅಳತೆ ಕೊಟ್ಟ ಮೇಲೆ ಮೆಲ್ಲಗೆ, ನಮ್ಮ ಹುಡುಗಿಯೂ ನಿಮ್ಮಂತೆ ಬೆಳ್ಳಗಾಗಬೇಕು, ಏನು ಹಚ್ಚುತ್ತೀರಿ ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ.

“ನನ್ನ ಬಣ್ಣ ತಗೊಂಡು ಹೋಗ್ರಿ, ನಿಮ್ಮ ಹುಡುಗೀದು ನನಗ ಕೊಟ್ಟು ಹೋಗ್ರಿ. ನಾಳೆ ಮಧ್ಯಾಹ್ನ ಅಕಿ ಇಲ್ಲಿ ಕದಾ ಹಾಕ್ಕೊಂಡು ಕುಂದರಲಿ, ನಾ ಅರಾಮ ಸಂತಿಗೆ ಹೋಗಿ ಬರ್ತೀನಿ.”

ಆಮೇಲೆ ಆ ಹುಡುಗಿಯ ಕೈ ಹಿಡಿದು, ನಿನ್ನ ಮೈಬಣ್ಣ ಅಂದರೆ ದೇವರು ಚರ್ಮದೊಳಗೇ ಹೊಲಿದು ಕೊಟ್ಟ ಛತ್ರಿ, ಅದನ್ನು ತಿಕ್ಕಿ ತಿಕ್ಕಿ ಹರಿಯಬೇಡ ಎಂದರು. ಹಾಗಂತ ಕಪ್ಪಗಿರುವವರಿಗೆ ಬಿಸಿಲು ಏನೂ ಮಾಡುವುದಿಲ್ಲ ಎಂಬ ಮಾತನ್ನೂ ಅವರು ಒಪ್ಪುತ್ತಿರಲಿಲ್ಲ. ರವಿಕೆಯ ಅಳತೆಗೆ ಬಂದ ಪ್ರತಿಯೊಬ್ಬಳ ಕುತ್ತಿಗೆಯನ್ನೂ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದರು. ಸುಟ್ಟು ಸಿಪ್ಪೆ ಏಳುತ್ತಿದ್ದರೆ ಬೈಗುಳ ಖಾತ್ರಿ.

ನೀಲಮ್ಮ ಹಾಗೆ ಬೈಸಿಕೊಳ್ಳಲು ಬಂದವಳು. ಕುಷ್ಟಗಿ ರಸ್ತೆಯ ಹತ್ತಿ ಬೀಜದ ಹೊಲವೊಂದಕ್ಕೆ ಆಕೆ ಕೂಲಿಗೆ ಹೋಗುತ್ತಿದ್ದಳು. ಅಲ್ಲಿನ ಕೆಲಸ ಕ್ರಾಸಿಂಗ್. ಗಂಡು ಹೂವನ್ನು ತಂದು ಹೆಣ್ಣು ಹೂವಿಗೆ ಒಂದೊಂದಾಗಿ ಕೈಯಿಂದ ಮುಟ್ಟಿಸಬೇಕು. ಗಿಡದ ಮೇಲೆ ಬಾಗಿ ನಿಂತರೆ ಮಧ್ಯಾಹ್ನದವರೆಗೂ ಬಿಸಿಲು ನೇರ ಕುತ್ತಿಗೆಗೆ. ನೀಲಮ್ಮನ ಕುತ್ತಿಗೆ ಕಪ್ಪಾಗಿ ಬಿರಿದಿತ್ತು. ಕೆನ್ನೆಯ ಮೇಲೆ ಬಂಗಿನ ಕಪ್ಪು ಕಲೆ ಹರಡಿತ್ತು. ಬಂಗು ಹೋಗಲೆಂದು ಆಕೆ ಔಷಧಿ ಅಂಗಡಿಯೊಂದರಲ್ಲಿ ಯಾರೂ ಬರೆದುಕೊಡದ ಟ್ಯೂಬು ಕೊಂಡು ತಿಂಗಳುಗಟ್ಟಲೆ ಹಚ್ಚಿದ್ದಳು. ಮೊದಮೊದಲು ಮುಖ ತಿಳಿಯಾಯಿತಂತೆ. ಆಮೇಲೆ ಚರ್ಮ ತೆಳ್ಳಗಾಗಿ, ಬಿಸಿಲು ಬಿದ್ದರೆ ಮೆಣಸಿನಪುಡಿ ಎರಚಿದಂತೆ ಉರಿಯತೊಡಗಿತು. ಅಕ್ಕ ಅವಳನ್ನು ಆಸ್ಪತ್ರೆಯ ಚರ್ಮದ ವೈದ್ಯೆಯ ಹತ್ತಿರ ಕಳಿಸಿದರು. ಟ್ಯೂಬು ಹಂತಹಂತವಾಗಿ ಬಿಡಬೇಕು, ಬಿಸಿಲಿಗೆ ಮುಖ ಒಡ್ಡಬಾರದು ಎಂದು ವೈದ್ಯೆ ಹೇಳಿ ಕಳಿಸಿದರು. ಬಿಸಿಲಿಗೆ ಒಡ್ಡದೆ ಕೂಲಿ ಹೇಗೆ ಮಾಡಲಿ ಎಂದು ನೀಲಮ್ಮ ಅಳುತ್ತ ವಾಪಸು ಬಂದಳು.

ಅಕ್ಕ ಒಂದು ದಿನ ಪೂರ್ತಿ ಬೇರೆ ಹೊಲಿಗೆ ಮುಟ್ಟಲಿಲ್ಲ. ಹಳೆಯ ನೂಲಿನ ಸೀರೆ ಕತ್ತರಿಸಿ ಕುಂಚಿಗೆ ಹೊಲಿದರು. ಕೂಸುಗಳ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುತ್ತೇವಲ್ಲ, ಅದೇ ಕುಂಚಿಗೆ, ದೊಡ್ಡವರ ಅಳತೆಯದು. ಹಣೆಯ ಮುಂದೆ ಅಂಗಿ ಕಾಲರಿಗೆ ಹಾಕುವ ಬಕ್ರಂ ಇಟ್ಟು ಗಟ್ಟಿಯಾದ ಅಂಚು. ಕೆನ್ನೆಯ ಎರಡೂ ಬದಿಗೆ ಪಟ್ಟಿ. ಹಿಂದೆ ಕುತ್ತಿಗೆ, ಹೆಗಲು ಮುಚ್ಚುವಷ್ಟು ಉದ್ದ, ಆದರೆ ಗಾಳಿ ಆಡುವ ಹಾಗೆ ಸಡಿಲ. ನೀಲಮ್ಮ ಅದನ್ನು ಹಾಕಿಕೊಂಡು ಟೆಂಪೊ ಹತ್ತಿದ ದಿನ ಜೊತೆಯವರು ಹೊಟ್ಟೆ ಹಿಡಿದು ನಕ್ಕರಂತೆ. ತೊಟ್ಟಿಲು ಎಲ್ಲಿ ಎಂದು ಒಬ್ಬಳು ಕೇಳಿದಳಂತೆ. ಹತ್ತಿಯ ಸಾಲಿನಲ್ಲಿ ಮಧ್ಯಾಹ್ನವಾದಾಗ ಅವಳೇ, ಸ್ವಲ್ಪ ಕೊಡು ಹಾಕಿ ನೋಡುತ್ತೇನೆ ಎಂದಳಂತೆ. ವಾರ ಕಳೆಯುವುದರಲ್ಲಿ ಅಕ್ಕನ ಮನೆಯ ಮುಂದೆ ಹಳೆಯ ಸೀರೆಗಳ ಗಂಟು ಹಿಡಿದ ಹೆಂಗಸರು ಸಾಲಾಗಿ ಕೂತಿದ್ದರು.

ಆಗ ಆ ಹೊಲದ ಮೇಸ್ತ್ರಿ ಅಡ್ಡ ಬಂದ. ಮುಖ ಕಾಣದಿದ್ದರೆ ಯಾರು ಕೆಲಸ ಮಾಡುತ್ತಾರೆ, ಯಾರು ಹರಟೆ ಹೊಡೆಯುತ್ತಾರೆ ತಿಳಿಯುವುದಿಲ್ಲ ಎಂಬುದು ಅವನ ಒಂದು ಮಾತು. ಬೀಜ ಕೊಳ್ಳುವವರು ನೋಡಲು ಬಂದಾಗ ಹುಚ್ಚರ ಸಂತೆಯಂತೆ ಕಾಣುತ್ತದೆ ಎಂಬುದು ಇನ್ನೊಂದು. ನಾಳೆಯಿಂದ ಕುಂಚಿಗೆ ಹಾಕಿದವರಿಗೆ ಕೆಲಸವಿಲ್ಲ ಎಂದು ಹೇಳಿಬಿಟ್ಟ. ನೀಲಮ್ಮ ಸಂಜೆ ಬಂದು ಕುಂಚಿಗೆಯನ್ನು ಮಡಿಚಿ ಯಂತ್ರದ ಮೇಲಿಟ್ಟಳು. ಅಕ್ಕ ಅದನ್ನು ಮುಟ್ಟಲಿಲ್ಲ. ಹೊಲ ಎಲ್ಲಿದೆ ಎಂದಷ್ಟೇ ಕೇಳಿದರು.

ಮರುದಿನ ಭಾನುವಾರ. ನಡುಮಧ್ಯಾಹ್ನಕ್ಕೆ ಆಟೊ ಹೇಳಿದ್ದೇನೆ, ಬರುತ್ತೀಯಾ ಎಂದು ಅಕ್ಕ ಕೇಳಿದಾಗ ನನಗೆ ದಿಗಿಲಾಯಿತು. ಸಂಜೆಗೆ ಹೋಗೋಣ, ಆ ಹೊತ್ತಿನಲ್ಲಿ ನೀವು ಹೊರಗೆ ಬರಬಾರದು ಎಂದೆ. ಆ ಹೊತ್ತಿನಲ್ಲಿ ಅವರೆಲ್ಲ ಅಲ್ಲೇ ಇರುತ್ತಾರಲ್ಲ ಎಂದರು. ಅಂಗಿ, ಕೈಗವಸು, ಕಾಲುಚೀಲ, ಕನ್ನಡಕ ಎಲ್ಲ ಹಾಕಿಕೊಂಡು, ತಾವೇ ಹೊಲಿದ ಬಿಳಿ ಕುಂಚಿಗೆಯನ್ನು ತಲೆಗೆ ಕಟ್ಟಿ, ನೀಲಮ್ಮನದರ ಜೊತೆ ಇನ್ನಷ್ಟು ಕುಂಚಿಗೆಗಳನ್ನು ಚೀಲಕ್ಕೆ ತುಂಬಿ, ಛತ್ರಿ ಬಿಚ್ಚಿ ಆಟೊ ಹತ್ತಿದರು.

ಹೊಲದಲ್ಲಿ ಹೆಂಗಸರು ಬರಿತಲೆಯ ಮೇಲೆ ಸೆರಗು ಎಳೆದುಕೊಂಡು ಸಾಲುಗಳಲ್ಲಿ ಬಾಗಿದ್ದರು. ಪಕ್ಕದಲ್ಲೇ ಮೆಣಸಿನ ಸಸಿಗಳಿಗೆ ಹಸಿರು ಪರದೆ ಕಟ್ಟಿದ ನೆರಳಿನ ಮನೆ ಇತ್ತು. ಮೇಸ್ತ್ರಿ ಆ ಪರದೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತಲೆಗೆ ಒದ್ದೆ ಟವೆಲ್ಲು ಸುತ್ತಿ ಕೂತಿದ್ದ. ಅಕ್ಕ ನೇರ ಅವನ ಮುಂದೆ ಹೋಗಿ, ಬಿಸಿಲಲ್ಲೇ ನಿಂತರು. ಕುಂಚಿಗೆ ಹೊಲಿದದ್ದು ತಾನೇ ಎಂದು ಹೇಳಿದರು. ಅವನು ಎದ್ದು ನಿಂತ. ಸಿಟ್ಟಿಗಿಂತ ಗಲಿಬಿಲಿ ಹೆಚ್ಚಿತ್ತು. ಇದು ಹೊಲದ ವಿಷಯ, ಕೂಲಿ ಮಾಡದವರಿಗೆ ಇದರಲ್ಲಿ ಏನು ಕೆಲಸ ಎಂದ.

ಅಕ್ಕ ಛತ್ರಿಯನ್ನು ನನ್ನ ಕೈಗೆ ಕೊಟ್ಟರು. ಎಡಗೈಯ ಗವಸು ಕಳಚಿ, ಅಂಗಿಯ ತೋಳನ್ನು ಮೊಣಕೈವರೆಗೆ ಸರಿಸಿದರು. ಚಿಕ್ಕಂದಿನ ಬೊಬ್ಬೆಗಳು ಒಡೆದು ಮಾಗಿದ ಕಲೆಗಳು, ಒರಟು ಗಂಟುಗಳು. ಅಷ್ಟು ವರ್ಷ ಎದುರು ಮನೆಯಲ್ಲಿದ್ದರೂ ನಾನು ಅವನ್ನು ಹಾಗೆ ದಿಟ್ಟಿಸಿ ನೋಡಿರಲಿಲ್ಲ.

“ಕೂಲಿ ಮಾಡೀನ್ರಿ. ನೋಡ್ರಿ, ಇಲ್ಲಿ ಬರದೈತಿ. ಮೆಣಸಿನ ಸಸಿ ಬಾಡತೈತಿ ಅಂತ ಪರದೆ ಕಟ್ಟೀರಿ. ನಿಮ್ಮ ತಲಿಗೆ ಟವೆಲ್ಲು ಸುತ್ತೀರಿ. ಇವರ ಕುತ್ತಿಗಿಗೆ ಒಂದು ಮೊಳ ಹಳೇ ಅರಿವಿ ನಿಮಗ ಹೆಚ್ಚಾತೇನು?”

ನಾನು ಛತ್ರಿಯನ್ನು ಅವರ ಕೈಯ ಮೇಲೆ ಹಿಡಿದೆ. ಸಾಲುಗಳಲ್ಲಿ ಕೆಲಸ ನಿಂತಿತ್ತು. ನೀಲಮ್ಮ ಬದುವಿನ ಕಡೆ ನಡೆದು ಬಂದಳು. ಅಕ್ಕ ತಂದಿದ್ದ ಚೀಲದಿಂದ ತನ್ನ ಕುಂಚಿಗೆ ತೆಗೆದು ಕಟ್ಟಿಕೊಂಡು, ಮತ್ತೆ ಸಾಲಿಗೆ ಹೋಗಿ ಬಾಗಿದಳು. ಅವಳ ಹಿಂದೆ ಇನ್ನಿಬ್ಬರು ಬಂದು ಕಟ್ಟಿಕೊಂಡರು. ಉಳಿದವರು ಬರಲಿಲ್ಲ, ಅವರ ಕಣ್ಣು ಮೇಸ್ತ್ರಿಯ ಮೇಲಿತ್ತು. ಅವರನ್ನು ಯಾರೂ ದೂರಲಾರರು.

ಮಾರನೆಯ ದಿನ ಆ ಮೂವರನ್ನೂ ಟೆಂಪೊಗೆ ಹತ್ತಿಸಲಿಲ್ಲ. ಅಕ್ಕನ ಕೈ ಸುಟ್ಟು ಕೆಂಪಾಗಿ ಊದಿತ್ತು. ನೀಲಮ್ಮ ಬಂದು ಅವರ ಕೈಗೆ ತಣ್ಣೀರಿನ ಬಟ್ಟೆ ಹಾಕುತ್ತ ಕೂತಳು. ನಾನೇ ತಾಳಲಾರದೆ, ಇವರ ಕೂಲಿಯೂ ಹೋಯಿತು, ನಿಮ್ಮ ಕೈಯೂ ಸುಟ್ಟಿತು, ಬಂದದ್ದೇನು ಎಂದೆ. ಹತ್ತಿ ಹೂವು ಅರಳುವುದು ಒಂದೇ ದಿನ, ಅದು ಯಾರಿಗೂ ಕಾಯುವುದಿಲ್ಲ, ನೋಡೋಣ ಎಂದರು ಅಕ್ಕ. ಅವರ ಲೆಕ್ಕ ಸರಿಯಿತ್ತು. ಆ ಹಂಗಾಮಿನಲ್ಲಿ ಪಳಗಿದ ಕೈಗಳಿಗೆ ಎಲ್ಲ ಹೊಲಗಳಲ್ಲೂ ಬರ. ಯಲಬುರ್ಗಾ ಕಡೆಯ ಇನ್ನೊಂದು ಹೊಲದವರು ಈ ಮೂವರನ್ನು ಕುಂಚಿಗೆಯ ಸಮೇತ ಕರೆದರು. ಅದು ಕಿವಿಗೆ ಬಿದ್ದ ಮೇಲೆ ಮೇಸ್ತ್ರಿಯೇ ಟೆಂಪೊ ಓಣಿಗೆ ಕಳಿಸಿದ. ಏನು ಬೇಕಾದರೂ ಕಟ್ಟಿಕೊಳ್ಳಿ, ಬನ್ನಿ ಎಂದು ಹೇಳಿಸಿದ. ನೀಲಮ್ಮ ಬುತ್ತಿ ಉಣ್ಣಲು ಹೊಲದ ತುದಿಯಲ್ಲಿ ಪರದೆ ಕಟ್ಟಿಸಿದರೆ ಬರುತ್ತೇವೆ ಎಂದಳು. ಕಟ್ಟಿಸಿದ. ಆ ದಿನದಿಂದ ಬೆಳಿಗ್ಗೆ ನಮ್ಮ ಓಣಿಯ ಮುಂದೆ ಟೆಂಪೊ ಹಾದರೆ ಅದರ ತುಂಬ ಬಣ್ಣಬಣ್ಣದ ಕುಂಚಿಗೆಗಳು.

ಎಲ್ಲರ ಕುತ್ತಿಗೆ ನೋಡುವ ಅಕ್ಕನಿಗೆ ತಮ್ಮ ಕಿವಿಯ ಹಿಂಭಾಗ ತಾವೇ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಆ ಕೆಲಸವನ್ನು ನನಗೆ ವಹಿಸಿದ್ದರು. ಆಗಾಗ ತಲೆ ಬಾಗಿಸಿ ಕೂತು, ಏನರೆ ಐತೇನು ಎಂದು ಕೇಳುವರು. ಒಂದು ದಿನ ಬಲಗಿವಿಯ ಅಂಚಿನಲ್ಲಿ ಜೋಳದ ಕಾಳಿನಷ್ಟು ಹುಣ್ಣು ಕಂಡಿತು. ವಾರಗಳು ಹೋದರೂ ಒಣಗಲಿಲ್ಲ. ಹುಬ್ಬಳ್ಳಿಗೆ ಹೋದೆವು. ಕಿವಿಯ ಅರ್ಧ ತೆಗೆದರು. ಇದು ಈಗ ಬಿದ್ದ ಬಿಸಿಲಲ್ಲ, ಚಿಕ್ಕಂದಿನಲ್ಲಿ ಹೊಲದಲ್ಲಿ ಬಿದ್ದ ಬಿಸಿಲು ಎಂದು ಅಲ್ಲಿನ ವೈದ್ಯರು ಹೇಳಿದರು. ಮೈ ಕಾಯ್ದುಕೊಳ್ಳದೆ ಇದ್ದಿದ್ದರೆ ಇದು ಎಷ್ಟೋ ವರ್ಷ ಮೊದಲೇ ಬರುತ್ತಿತ್ತು ಎಂದೂ ಹೇಳಿದರು.

ಗಾಯ ಮಾಗಿದ ಮೇಲೆ ಪಕ್ಕದ ಓಣಿಯಲ್ಲಿ ಒಂದು ಸಂಜೆ ನಿಶ್ಚಿತಾರ್ಥವಿತ್ತು. ಹೊರಡುವಾಗ ಬಾಗಿಲಲ್ಲಿ ನಾನು ಅವರ ಸೆರಗನ್ನು ಕಿವಿಯ ಮೇಲೆ ಎಳೆದೆ. ಅವರು ಅದನ್ನು ಹಿಂದಕ್ಕೆ ಸರಿಸಿದರು.

“ಬಿಸಿಲಿಗೆ ಮುಚ್ಚಿಕೋತೀನಿ, ಮಂದಿಗೆ ಮುಚ್ಚಿಕೊಳ್ಳಂಗಿಲ್ಲ.”

ಹಾಗೆಯೇ ಬಂದರು. ಎಲ್ಲರ ನಡುವೆ ಕೂತು ಊಟ ಮಾಡಿದರು.

ಎರಡು ವರ್ಷ ಕಳೆದ ಮೇಲೆ ಅದೇ ಬದಿಯ ಕುತ್ತಿಗೆಯಲ್ಲಿ ಗಂಟು ಬಂತು. ಈ ಸಲ ಹುಬ್ಬಳ್ಳಿಯವರು ಹೆಚ್ಚು ಭರವಸೆ ಕೊಡಲಿಲ್ಲ. ಮಲಗಿದಲ್ಲಿಗೆ ನೋಡಲು ಬಂದವರಲ್ಲಿ ಒಬ್ಬರು, ಜನ್ಮವಿಡೀ ಛತ್ರಿ ಹಿಡಿದು ಏನು ಬಂತು, ಬರುವುದು ಬಂದೇ ಬಂತಲ್ಲ ಎಂದುಬಿಟ್ಟರು. ನಾನು ಎದ್ದು ಅವರನ್ನು ಹೊರಗೆ ಕಳಿಸುವವಳಿದ್ದೆ. ಅಕ್ಕ ಕೈ ಎತ್ತಿ ತಡೆದರು. ದನಿ ಸಣ್ಣಗಾಗಿತ್ತು, ಆದರೆ ಮಾತು ಸಣ್ಣಗಾಗಿರಲಿಲ್ಲ.

“ಛತ್ರಿ ಇರದಿದ್ರ ಇಪ್ಪತ್ತರಾಗ ಹೋಗಿರ್ತಿದ್ನಿ. ಇಷ್ಟು ವರ್ಷ ಆ ಬಿಸಿಲಿನ ಕೈಯಾಗಿಂದ ಕಸಗೊಂಡು ಬಾಳೇ ಮಾಡೀನಿ. ನೀವು ಅದನ್ನ ಸೋತಿದ್ದು ಅಂತೀರಿ?”

ಇದನ್ನು ನಾನು ಬರೆಯುತ್ತಿರುವುದು ಆ ಮಾತಿಗಾಗಿಯೇ. ಅವರು ಹೋದ ಮೇಲೂ ಓಣಿಯಲ್ಲಿ ಆ ತಕರಾರು ನಿಂತಿಲ್ಲ. ನೋಡಿ, ಅಷ್ಟೆಲ್ಲ ಮಾಡಿಯೂ ಉಳಿಯಲಿಲ್ಲ ಅನ್ನುತ್ತಾರೆ. ಯಾರು ಉಳಿಯುತ್ತಾರೆ? ಅವರು ಅರವತ್ತರ ಹತ್ತಿರ ಬಂದಿದ್ದರು. ಅವರಂಥವರು ಹೊಲದಲ್ಲೇ ಉಳಿದಿದ್ದರೆ ಅದರ ಅರ್ಧಕ್ಕೂ ಮುಟ್ಟುವುದು ಕಷ್ಟವಿತ್ತು. ಸುಟ್ಟುಹಾಕಲೆಂದೇ ಇದ್ದ ಬಿಸಿಲಿನ ಎದುರು ಒಂದು ಇಡೀ ಬದುಕನ್ನು ಹೊಲಿದುಕೊಂಡು ಉಟ್ಟು ಹೋದವರಿಗೆ ಸೋಲು ಎಂದು ನಾನು ಹೇಳಲಾರೆ, ಬೇರೆಯವರು ಹೇಳಿದರೆ ಕೇಳಲೂ ಆರೆ.

ಕಾರ್ಯದ ದಿನ ಅವರ ತಮ್ಮ ಕುಕನೂರಿನಿಂದ ಬಂದು ಎಲ್ಲ ಏರ್ಪಾಡು ಮಾಡಿದ್ದರು. ಒಳ್ಳೆಯ ಮನುಷ್ಯ, ಕಾಯಿಲೆಯಲ್ಲಿ ಅಕ್ಕನ ಕಾಲು ಒತ್ತಿದವರು. ಮನೆಯ ಮುಂದೆ ದೊಡ್ಡ ಶ್ರದ್ಧಾಂಜಲಿ ಬ್ಯಾನರು ಕಟ್ಟಿಸಿದ್ದರು. ಅದರಲ್ಲಿ ಅಕ್ಕನ ಕೂದಲು ಕಪ್ಪಗಿತ್ತು. ಮುಖ ಗೋಧಿ ಬಣ್ಣ. ಎರಡೂ ಕಿವಿ ಪೂರ್ತಿ ಇದ್ದವು.

ಟೆಂಪೊದಲ್ಲಿ ಹೊಲದ ಹೆಂಗಸರು ಬಂದಿಳಿದರು. ಅಂದು ಯಾರೂ ಕೂಲಿಗೆ ಹೋಗಿರಲಿಲ್ಲ. ನೀಲಮ್ಮ ಬ್ಯಾನರನ್ನು ನೋಡಿ, ಅಕ್ಕನ ತಮ್ಮನ ಕಡೆ ತಿರುಗಿದಳು.

“ಇವರು ಯಾರ್ರಿ?”

ಅವರಿಗೆ ಮುಖ ಎತ್ತಲಾಗಲಿಲ್ಲ. ನಾಲ್ಕು ಮಂದಿ ನೋಡುವಂಥದ್ದು, ಛಲೋ ಕಾಣಲಿ ಎಂದು ಸ್ಟುಡಿಯೊದಲ್ಲಿ ಹಾಗೆ ಮಾಡಿಸಿದೆ ಎಂದರು. ನೀಲಮ್ಮ ದನಿ ಏರಿಸಲಿಲ್ಲ. ನಾವು ನೋಡಲು ಬಂದದ್ದು ಇವರನ್ನಲ್ಲ, ನಮ್ಮ ಅಕ್ಕನನ್ನು ಎಂದಳು. ಕೆಳಗಿಳಿಸಲು ಯಾರೂ ಹೇಳಲಿಲ್ಲ. ತಮ್ಮನೇ ಏಣಿ ತರಿಸಿ ಹಗ್ಗ ಬಿಚ್ಚಿದರು.

ನನ್ನ ಮೊಬೈಲಿನಲ್ಲಿ ಒಂದು ಚಿತ್ರವಿತ್ತು. ಬಾಗಿಲ ಚೌಕಟ್ಟಿಗೆ ಒರಗಿ, ಬಿಳಿ ರೆಪ್ಪೆಗಳನ್ನು ಕಿರಿದು ಮಾಡಿ ಅಕ್ಕ ಯಾವುದಕ್ಕೋ ನಗುತ್ತಿದ್ದಾರೆ, ಅರ್ಧ ಕಿವಿ ಸ್ಪಷ್ಟ ಕಾಣುತ್ತದೆ. ನಾನು, ನೀಲಮ್ಮ, ಅಕ್ಕನ ತಮ್ಮ ಮೂವರೂ ಸ್ಟುಡಿಯೊಗೆ ಹೋದೆವು. ನಡುವಯಸ್ಸಿನ ಮಾಲೀಕ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ, ಸ್ವಲ್ಪ ಕಲರ್ ಸರಿ ಮಾಡಲೇ ಎಂದು ಕೇಳಿದ. ಉತ್ತರ ಕೊಟ್ಟದ್ದು ತಮ್ಮ.

“ಏನೂ ಮುಟ್ಟಬ್ಯಾಡ್ರಿ. ನಮ್ಮಕ್ಕ ಹಂಗ ಇದ್ಲು.”

ಸಂಜೆಯ ಹೊತ್ತಿಗೆ ಹೊಸ ಬ್ಯಾನರು ಬಂತು. ಏಣಿ ಹಿಡಿದ ತಮ್ಮ ಅದನ್ನು ದೊಡ್ಡ ರಸ್ತೆಗೆ ಎದುರಾಗಿ, ಎಲ್ಲರಿಗೂ ಕಾಣುವ ಪಶ್ಚಿಮದ ಗೋಡೆಗೆ ಕಟ್ಟಲು ಹೋದರು. ಅಲ್ಲಿ ಮಧ್ಯಾಹ್ನ ಬಿಸಿಲು ಬೀಳುತ್ತದೆ ಎಂದಳು ನೀಲಮ್ಮ. ಅವರು ಒಂದು ಕ್ಷಣ ಅವಳನ್ನು ನೋಡಿದರು. ಆಮೇಲೆ ಏಣಿ ಎತ್ತಿಕೊಂಡು ಮನೆಯ ಉತ್ತರದ ಬದಿಗೆ ನಡೆದರು.